ಅಂಟು ಬಿಡದ ಹಲ್ಲು

“ಇವು ಯಾರ ಹಲ್ಲು ರೀ?”

ಸೀಸೆಯನ್ನು ಬೆಳಕಿಗೆ ಹಿಡಿದು ಅಮರೇಶ್ ಕೇಳಿದಾಗ ಶಿವಗಂಗಾ ಚೀಲದಿಂದ ನೋಟ್‌ಬುಕ್ ತೆಗೆದಳು.

“ಯಾರ್ಯಾರದೋ... ಆಸ್ಪತ್ರೇಲಿ ಕಿತ್ತಿದ್ದು. ಹೊಸ ಸಿಮೆಂಟ್ ತುಂಬಿದ್ದೀನಿ. ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದೆ ಅಂತ ನಿಮ್ಮ ಮೆಷಿನ್‌ನಲ್ಲಿ ಎಳೆದು ನೋಡ್ಬೇಕು.”

ಅದು ತೊಂಬತ್ತಾರನೇ ಇಸವಿ. ಪೀಣ್ಯದ ಶೆಡ್ಡುಗಳ ನಡುವೆ ಇನ್ನೂ ಹುಣಸೆಮರಗಳಿದ್ದ ಕಾಲ. ದಾವಣಗೆರೆಯಿಂದ ಬಂದು ದಂತವೈದ್ಯದಲ್ಲಿ ಮೇಲಿನ ಓದು ಓದುತ್ತಿದ್ದ ಶಿವಗಂಗಾಳ ಕಾಲೇಜಿನಲ್ಲಿ ಅಂಥ ಯಂತ್ರವಿರಲಿಲ್ಲ. ಲಿಂಗಸುಗೂರಿನ ಅಮರೇಶ್ ಇಲ್ಲಿಯ ಒಂದು ಶೆಡ್ಡಿನಲ್ಲಿ ಕಬ್ಬಿಣದ ಸರಳುಗಳನ್ನು ಎಳೆದು ಪರೀಕ್ಷಿಸುತ್ತಿದ್ದ. ಈ ಹಲ್ಲುಗಳ ಮೇಲೆಯೇ ಅವಳ ಪದವಿ ನಿಂತಿತ್ತು.

ಅವನ ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ಮೊದಲ ಹಲ್ಲನ್ನು ಪ್ರಸಾದದಂತೆ ಅಂಗೈಯಲ್ಲಿ ಇಟ್ಟುಕೊಂಡ.

“ಎಷ್ಟು ರೊಟ್ಟಿ ಅಗದಾವೋ ಏನೋ, ಪಾಪ.”

ನಕ್ಕವನು ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದ. ಅವನ ಮುಂದಿನ ಹಲ್ಲೊಂದರ ತುದಿ ಮುರಿದಿತ್ತು.

ವಾರಕ್ಕೊಮ್ಮೆ ಬರುತ್ತಿದ್ದವಳು ಆ ದಿನಕ್ಕಾಗಿಯೇ ಕಾಯತೊಡಗಿದಳು. ಒಂದು ದಿನ ಧೈರ್ಯ ಮಾಡಿ ಅಂದಳು:

“ಆಸ್ಪತ್ರೆಗೆ ಬನ್ನಿ, ಆ ಹಲ್ಲು ಸರಿ ಮಾಡ್ತೀನಿ. ಬಾಯಿಗೆ ಕೈ ಇಡದೆ ನಗಬಹುದು.”

ಅವನು ತಲೆ ತಗ್ಗಿಸಿದ.

ಮುಂದಿನ ವಾರ ಅಮರೇಶ್ ಇರಲಿಲ್ಲ. ಜೊತೆಯ ಕೆಲಸಗಾರ ಈರಣ್ಣ ಒಂದು ಪೊಟ್ಟಣ ಕೊಟ್ಟ.

“ಅವ ಶಿಫ್ಟ್ ಬದಲಿ ಮಾಡ್ಕೊಂಡಾನ್ರಿ ಮೇಡಂ. ಇದನ್ನ ಕೊಡು ಅಂದ.”

‘ಅವರ ಹಲ್ಲಿನ ಮಾತೆತ್ತಿ ನೋಯಿಸಿಬಿಟ್ಟೆನಲ್ಲ, ಶಿವನೇ...’ ಎಂದುಕೊಂಡಳು ಶಿವಗಂಗಾ.

ಕಾಲೇಜಿನಲ್ಲಿ ಪೊಟ್ಟಣ ಬಿಚ್ಚಿ, ಒಳಗಿದ್ದ ಹಲ್ಲಿನ ಚೂರುಗಳನ್ನು ಮೈಕ್ರೋಸ್ಕೋಪಿನಡಿ ಇಟ್ಟಳು. ಕಣ್ಣು ಅರಳಿತು. ಮರುದಿನ ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತಿದ್ದಳು.

ಅವಳನ್ನು ಕಂಡು ಅಮರೇಶ್ ಬೆಚ್ಚಿದ.

“ಮೇಡಂ, ನಾ ಎಳೆಯೋದ್ರಾಗ ಏನೋ ತಪ್ಪು ಮಾಡೀನಿ. ಹಲ್ಲೇ ಮುರದು ಹ್ವಾದ್ವು. ನಿಮ್ಮ ಓದು ಕೆಡಿಸಿ ಯಾವ ಮಾರಿ ಹೊತ್ಕೊಂಡು ನಿಮ್ಮ ಮುಂದ ಬರ್ಲಿ?”

“ಅಯ್ಯೋ... ತುಂಬಿದ್ದು ಕಳಚಿ ಬಂದಿದ್ರೆ ಅಂಟು ಸೋತ ಹಾಗೆ. ಇಲ್ಲಿ ಹಲ್ಲು ಮುರೀತು, ಅಂಟು ಬಿಡ್ಲಿಲ್ಲ. ನನಗೆ ಬೇಕಾಗಿದ್ದೇ ಅದು. ನಾನೆಲ್ಲೋ ನಿಮ್ಮ ಹಲ್ಲಿನ ಮಾತಿಗೆ ಬೇಜಾರಾಯ್ತು ಅಂತ...”

“ಅದಕ್ಯಾಕ ಬ್ಯಾಸರ? ಆವತ್ತು ಕನ್ನಡಿ ಮುಂದ ನಿಂತು ನಕ್ಕಿದ್ದೇ ನಕ್ಕಿದ್ದು. ಈರಣ್ಣ ನನಗ ಹುಚ್ಚು ಹಿಡದದ ಅಂದ.”

ಆ ಭಾನುವಾರ ಅವನು ಆಸ್ಪತ್ರೆಗೆ ಬಂದು ಅವಳ ಕುರ್ಚಿಯಲ್ಲಿ ಕೂತ. ಬಾಯಲ್ಲಿ ಹತ್ತಿ.

“ಮಾತಾಡ್ಬೇಡಿ. ಎಂಜಲು ತಾಗಿದ್ರೆ ಅಂಟು ಹಿಡಿಯಲ್ಲ.”

ಅವನು ಮಾತಾಡಲಾಗದ ಆ ಗಳಿಗೆಯಲ್ಲೇ ಅವಳಿಗೆ ಮಾತು ಬಂತು.

“ಮನೇಲಿ ಗಂಡು ನೋಡ್ತಿದ್ದಾರೆ... ನಿಮ್ಮ ಕಡೆಯಿಂದ ನನ್ನನ್ನ ಕೇಳೋಕೆ ಅಪ್ಪನ ಹತ್ರ ಯಾರು ಬರ್ತಾರೆ?”

ಅವನ ಕಣ್ಣು ತುಂಬಿತು. ಬೆರಳೆತ್ತಿ ತನ್ನ ಎದೆಯನ್ನೇ ತೋರಿಸಿದ. ಅವಳು ಸಿಮೆಂಟ್ ಹಚ್ಚಿ, ಅದು ಗಟ್ಟಿಯಾಗಲೆಂದು ನೀಲಿ ಬೆಳಕು ಹಿಡಿದಳು.

ಬಾಗಲಗುಂಟೆಯ ಮನೆಯಲ್ಲಿ ಈಗ ಇಬ್ಬರ ತಲೆಯೂ ನರೆತಿದೆ. ಯಾವ ಸಿಮೆಂಟೂ ಶಾಶ್ವತವಲ್ಲ. ಸವೆದಾಗಲೆಲ್ಲ ಮನೆಯ ಮುಂಭಾಗದ ತನ್ನ ಕ್ಲಿನಿಕ್ಕಿನಲ್ಲಿ ಅವಳು ಹೊಸದು ತುಂಬುತ್ತಾಳೆ. ತುಂಬುವಾಗಲೆಲ್ಲ ‘ಅಪ್ಪನ ಹತ್ರ ಯಾರು ಬರ್ತಾರೆ?’ ಎಂಬ ಅದೇ ಪ್ರಶ್ನೆ ಕೇಳುತ್ತಾಳೆ.

“ಬನ್ನಿ, ಕೂತ್ಕೊಳ್ಳಿ. ಮತ್ತೆ ಅಂಚು ಸವೆದಿದೆ.”

“ಮತ್ತ ಅದನ್ನ ಕೇಳ್ತಿಯೇನು?”

“ಕೇಳದೆ ಬಿಡ್ತೀನಾ?”

“ಹಂಗಾರ ಈ ಸಲ ಹತ್ತಿ ಇಡೂಕಿಂತ ಮೊದಲ ಬಾಯಿಬಿಟ್ಟು ಹೇಳ್ತೀನಿ, ಕೇಳು... ನಾನ ಬರ್ತೀನಿ, ಗಂಗಾ.”