ಕಾಲುವೆ ದಂಡೆಯ ಎದುರುಗಾಳಿ

ದಕ್ಷಿಣ ಫ್ರಾನ್ಸಿನಲ್ಲಿ, ತುಲೂಸ್ ಊರಿನಿಂದ ಸಮುದ್ರದ ಕಡೆಗೆ ಸಾಗುವ ಹಳೆಯ ಕಾಲುವೆಯ ದಂಡೆಯ ಮೇಲೆ, ಎದುರು ಬೀಸುವ ಗಾಳಿಯನ್ನು ನಾನು ಸೈಕಲ್ ಮೇಲೆ ಕುಳಿತು ಎದೆಯಿಂದಲೇ ಸೀಳಿದ್ದೇನೆ. ಸೀಳಿದ ಗಾಳಿಯ ಒಂದು ಹೋಳು ಸ್ಪೇನಿಗೆ ಹೋಯಿತು, ಇನ್ನೊಂದು ಇಟಲಿಗೆ. ಅವೆರಡೂ ಇವತ್ತಿಗೂ ಮತ್ತೆ ಸೇರಿಲ್ಲ. ಆ ಕಾಲುವೆಯ ಬಾತುಕೋಳಿಗಳು ನನ್ನ ಹೆಸರು ಕೇಳಿದರೆ ಈಗಲೂ ಎದ್ದು ನಿಲ್ಲುತ್ತವೆ.

ಹೆಸರು ನಿಶ್ಚಲ್. ಹುಟ್ಟಿದ್ದು ಮೈಸೂರು, ಮನೆ ಟೆಕ್ಸಾಸ್‌ನ ಡಲ್ಲಾಸ್ ಪಕ್ಕದ ಕಾಪೆಲ್. ಹೆಸರಿಗೂ ನನ್ನ ವೇಗಕ್ಕೂ ಸಂಬಂಧವಿಲ್ಲ. ನಾನು ಗಾಳಿ ಸೀಳುತ್ತಾ ಮುಂದೆ ಹೋಗುತ್ತಿದ್ದರೆ, ನನ್ನ ಬೆನ್ನ ಮರೆಯಲ್ಲಿ, ಕಟ್ಟಿದ ಕೂದಲಿನ ಒಂದು ಎಳೆಯೂ ಅಲುಗದ ಹಾಗೆ, ಒಬ್ಬಳು ಹಾಯಾಗಿ ಬಂದಳು. ಅವಳ ಕಥೆ ಇದು.

ಅವಳನ್ನು ಮೊದಲು ಕಂಡದ್ದು 2014ರ ಏಪ್ರಿಲ್‌ನಲ್ಲಿ, ಹ್ಯೂಸ್ಟನ್‌ನಿಂದ ಆಸ್ಟಿನ್‌ಗೆ ಸಾವಿರಾರು ಜನ ಹೊರಡುವ ಚಾರಿಟಿ ಸೈಕಲ್ ರೈಡ್‌ನಲ್ಲಿ. ಬಾಸ್ಟ್ರಾಪ್ ಹತ್ತಿರ ನಾನು ರಸ್ತೆ ಬದಿಯ ಹುಲ್ಲಿನ ಮೇಲೆ ಮಲಗಿದ್ದೆ. ದಣಿವಿನಿಂದಲ್ಲ. ಉಳಿದವರಿಗೂ ಒಂದು ಅವಕಾಶ ಸಿಗಲಿ ಎಂದು.

“ಅಯ್ಯೋ, ಸೊಂಟ,” ಎಂದೆ, ಯಾರಿಗೂ ಕೇಳದ ಹಾಗೆ.

“ಸೊಂಟದ ತಪ್ಪಲ್ರೀ ಅದು. ಸೀಟು ಭಾಳ ಕೆಳಗದ. ಒಂದೆರಡು ಬೆರಳು ಏರಿಸ್ರಿ.”

ಅಚ್ಚ ಧಾರವಾಡದ ಮಾತು. ತಿರುಗಿದೆ. ನೀಲಿ ಹೂಗಳ ನಡುವೆ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಒಬ್ಬ ಹುಡುಗಿ ಪಂಕ್ಚರ್ ಹಾಕುತ್ತಿದ್ದಳು. ಕೆನ್ನೆಯ ಮೇಲೆ ಗ್ರೀಸಿನ ಒಂದು ಗೆರೆ. ಅವಳ ನೋಟ ನನ್ನ ಸೀಟಿನಿಂದ ನಿಧಾನವಾಗಿ ಮೇಲೇರಿ ಮುಖಕ್ಕೆ ಬಂತು. ಅಲ್ಲಿ ಹೇಳಿಕೊಳ್ಳುವಂಥದ್ದು ಏನೂ ಸಿಗದೆ ಮತ್ತೆ ಟಯರಿಗೆ ಹೋಯಿತು.

“ಹೆಲ್ಪ್ ಮಾಡ್ಲಾ?” ಎಂದೆ.

“ಮೊದಲ ಎದ್ದು ಕೂಡ್ರಿ. ಆಮ್ಯಾಲೆ ನೋಡೋಣಂತ.”

ಹೆಸರು ಸುಪ್ರಜಾ. ಫಿಜಿಯೋಥೆರಪಿಸ್ಟ್. ಹ್ಯೂಸ್ಟನ್ ದಕ್ಷಿಣದ ಪೇರ್‌ಲ್ಯಾಂಡ್‌ನಲ್ಲಿ ತಾಯಿಯ ಜೊತೆ ವಾಸ, ಮೆಡಿಕಲ್ ಸೆಂಟರ್‌ನಲ್ಲಿ ಕೆಲಸ. ಆಸ್ಟಿನ್ ಮುಟ್ಟುವಷ್ಟರಲ್ಲಿ ಇಷ್ಟು ತಿಳಿದುಕೊಂಡೆ. ಅವಳು ನನ್ನ ಬಗ್ಗೆ ಕೇಳದೆಯೇ ಎಲ್ಲ ತಿಳಿದುಕೊಂಡಳು, ಏಕೆಂದರೆ ನಾನು ಮಾತು ನಿಲ್ಲಿಸಲೇ ಇಲ್ಲ.

ಟೆಕ್ಸಾಸ್‌ನವರ ಪದ್ಧತಿ ಗೊತ್ತಲ್ಲ, ಒಂದು ಗಂಟೆ ಸೈಕಲ್ ತುಳಿಯಲು ಮೂರು ಗಂಟೆ ಕಾರು ಓಡಿಸುತ್ತೇವೆ. ಆ ಬೇಸಿಗೆಯ ಶನಿವಾರಗಳಲ್ಲಿ ನಾನು ಉತ್ತರದಿಂದ, ಅವಳು ಪೂರ್ವದಿಂದ, ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡು ಆಸ್ಟಿನ್‌ಗೆ ಬರುತ್ತಿದ್ದೆವು. ಊರಾಚೆಯ ಗುಡ್ಡಗಳು ನಾನು ಬರುವುದನ್ನು ಕಂಡು ಅರ್ಧ ಕುಗ್ಗಿ ದಾರಿ ಬಿಡುತ್ತಿದ್ದವು.

ಅಂಗಡಿಯ ಎನರ್ಜಿ ಬಾರ್ ಅವಳು ಮುಟ್ಟುತ್ತಿರಲಿಲ್ಲ. ಜೆರ್ಸಿಯ ಬೆನ್ನ ಜೇಬಿನಲ್ಲಿ ಅವಳ ತಾಯಿ ಮಾಡಿದ ಶೇಂಗಾ ಹೋಳಿಗೆ ಇರುತ್ತಿತ್ತು. ಗುಡ್ಡದ ತುದಿಯಲ್ಲಿ ಒಂದನ್ನು ಮುರಿದು, ದೊಡ್ಡ ತುಂಡು ಯಾವುದೆಂದು ಗಂಭೀರವಾಗಿ ನೋಡಿ, ಚಿಕ್ಕದನ್ನು ನನಗೆ ಕೊಡುತ್ತಿದ್ದಳು. ಕೊಡುವಾಗ ತುಟಿಯ ಒಂದೇ ಕೊನೆ ನಗುತ್ತಿತ್ತು. ಆ ಕೊನೆಗಾಗಿ ನಾನು ಇನ್ನೂ ನಾಲ್ಕು ಗುಡ್ಡ ಹತ್ತಬಲ್ಲವನಾಗಿದ್ದೆ.

“ಮುಂದ ಇದ್ದವರು ಗಾಳಿ ತಿಂತಾರ,” ಎಂದು ಅವಳೇ ಕಲಿಸಿದಳು. “ಹಿಂದಿನವರು ಗಾಲಿಗೆ ಗಾಲಿ ಹತ್ತಿಸಿಕೊಂಡು ಬಂದ್ರ ಅರ್ಧ ಶ್ರಮ ಉಳೀತದ. ಅದಕ್ಕ ಸರದಿ ಪ್ರಕಾರ ಮುಂದ ಬರಬೇಕು. ಅದು ಮರ್ಯಾದಿ.”

“ನಾನಿದ್ರೆ ಸರದಿ ಯಾಕೆ? ಪೂರ್ತಿ ನಾನೇ ಮುಂದೆ ಇರ್ತೀನಿ.”

“ನೋಡೋಣಂತ,” ಎಂದಳು.

ಒಂದು ಶನಿವಾರ, ಗುಡ್ಡದ ಮೇಲಿನ ಓಕ್ ಮರದ ನೆರಳಲ್ಲಿ, ಅವಳು ಫ್ರಾನ್ಸಿನ ಮಾತು ತೆಗೆದಳು. ಮೂರು ವರ್ಷದ ಹಿಂದೆ, ಮದುವೆ ನಿಶ್ಚಯವಾಗಿದ್ದ ಹುಡುಗನ ಜೊತೆ ಆ ಕಾಲುವೆಯುದ್ದಕ್ಕೂ ಸೈಕಲ್ ತುಳಿಯಲು ಹೋಗಿದ್ದಳಂತೆ. ಅರ್ಧ ದಾರಿಯ ಕಾರ್ಕಾಸೋನ್‌ನಲ್ಲಿ ಎದುರುಗಾಳಿ ಎದ್ದಿತು. ಅಲ್ಲಿ ಕಾಲುವೆಯ ಪಕ್ಕದಲ್ಲೇ ರೈಲು ನಿಲ್ದಾಣ.

“ಸಾಕು, ಟ್ರೇನ್ ಹತ್ತೋಣ ಅಂದ. ನನಗ ಮನಸ್ಸಿರಲಿಲ್ಲ. ಆದ್ರೂ ಹತ್ತಿದೆ. ಆಮ್ಯಾಲೆ ಎಲ್ಲಾದಕ್ಕೂ ಹಂಗ ಆತು. ಅವ ಸಾಕು ಅಂದಲ್ಲಿ ನಾ ಇಳಿಯೂದು.”

“ಅದಕ್ಕೇ ಮದುವೆ ಮುರಿದ್ರಾ?”

“ಹೂಂ. ಅವ ಹೋದದ್ದಕ್ಕ ಬ್ಯಾಸರಿಲ್ರಿ. ಅರ್ಧ ಕಾಲುವಿ ಉಳೀತಲ್ಲ, ಅದು ಚುಚ್ಚತದ. ಸೆಪ್ಟೆಂಬರ್‌ನಾಗ ಹೋಗಾಕಿ. ಯಾರು ಬಂದ್ರೂ ಸೈ, ಬರದಿದ್ರೂ ಸೈ. ಈ ಸಲ ಸಮುದ್ರ ಮುಟ್ಟೂದ.”

“ನಾನು ಬರ್ತೀನಿ,” ಎಂದೆ.

ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾ ನನ್ನನ್ನೇ ನೋಡಿದಳು. ರೋಗಿಯ ಮೊಣಕಾಲು ಒತ್ತಿ ಎಲ್ಲಿ ನೋವಿದೆ ಎಂದು ಹುಡುಕುವವರ ನೋಟ ಅದು.

“ಬರ್ರಿ. ಆದ್ರ ನಡುವ ಟ್ರೇನ್ ಹತ್ತಿದ್ರ, ವಾಪಸ್ ಬಂದ ಮ್ಯಾಲೆ ನನಗ ಫೋನ್ ಮಾಡಬ್ಯಾಡ್ರಿ.”

ಫ್ರಾನ್ಸ್ ನನಗೆ ಇಷ್ಟವಾಯಿತು. ಫ್ರಾನ್ಸಿಗೂ ನಾನು. ಗುಲಾಬಿ ಇಟ್ಟಿಗೆಯ ತುಲೂಸ್‌ನಿಂದ ಹೊರಟೆವು. ಒಮ್ಮೆ ಕಾಲುವೆಯ ಮಣ್ಣಿನ ದಂಡೆ, ಒಮ್ಮೆ ದ್ರಾಕ್ಷಿ ತೋಟಗಳ ನಡುವಿನ ಸಣ್ಣ ಡಾಂಬರು ರಸ್ತೆ. ದೋಣಿಗಳಿಗಾಗಿ ನೀರನ್ನು ಏರಿಸಿ ಇಳಿಸುವ ಲಾಕ್ ಎಂಬ ಗೇಟುಗಳು, ಒಂದೊಂದರ ಪಕ್ಕಕ್ಕೂ ಕಿಟಕಿಯಲ್ಲಿ ಹೂಕುಂಡ ಇಟ್ಟ ಪುಟ್ಟ ಮನೆ. ದೋಣಿಗಳು ಎಷ್ಟು ನಿಧಾನವೆಂದರೆ ಅವುಗಳಲ್ಲಿದ್ದವರು ನಮ್ಮೊಂದಿಗೆ ಹವಾಮಾನದ ಬಗ್ಗೆ ಮಾತು ಮುಗಿಸಿಯೇ ಹಿಂದೆ ಬೀಳುತ್ತಿದ್ದರು.

ಒಂದು ಹಳ್ಳಿಯ ಚೌಕದಲ್ಲಿ, ಕಲ್ಲಿನ ಚರ್ಚಿನ ಮೆಟ್ಟಿಲ ಮೇಲೆ ಕುಳಿತು ಬ್ರೆಡ್ಡಿಗೆ ಅವಳು ಶೇಂಗಾ ಚಟ್ನಿಪುಡಿ ಉದುರಿಸಿದಳು.

“ಯಾರರ ನೋಡಿದ್ರ ಅರೆಸ್ಟ್ ಮಾಡ್ತಾರ,” ಎಂದಳು.

“ಮಾಡಲ್ಲ. ಇಲ್ಲಿಯ ಮೇಯರ್ ನನ್ನ ಫ್ರೆಂಡು.”

“ಯಾವಾಗಿಂದ?”

“ಈಗ ನೀವು ನಕ್ರಲ್ಲ, ಆವಾಗಿಂದ.”

ಅವಳು ಮುಖವನ್ನು ಚರ್ಚಿನ ಗಂಟೆಯ ಕಡೆಗೆ ತಿರುಗಿಸಿದಳು. ಕಿವಿ ಮಾತ್ರ ನನ್ನ ಕಡೆಗಿತ್ತು, ಕೆಂಪಾಗಿತ್ತು.

ಕಾರ್ಕಾಸೋನ್ ಕೋಟೆ ದೂರದಿಂದಲೇ ಕಂಡಿತು. ಅದರ ಜೊತೆಗೆ ಗಾಳಿಯೂ ಎದ್ದಿತು, ಸಮುದ್ರದ ಕಡೆಯಿಂದ, ತೇವವಾಗಿ, ಭಾರವಾಗಿ. ದಂಡೆಯ ಚಿನಾರ್ ಜಾತಿಯ ದೊಡ್ಡ ಮರಗಳನ್ನು ರೋಗ ಬಂದಿತೆಂದು ಕಡಿದಿದ್ದರು. ಮುಂದಿನ ದಾರಿಗೆ ಮರೆಯೇ ಇರಲಿಲ್ಲ. ಸುಪ್ರಜಾ ನಿಲ್ದಾಣದತ್ತ ನೋಡಿದಳು, ಸೈಕಲ್ಲಿನಿಂದ ಇಳಿದಳು. ನಾನು ಅವಳ ಮುಂದೆ ಬಂದು, “ನನ್ನ ಹಿಂದೆ ಬನ್ನಿ” ಎಂದೆ. ಬಂದಳು. ಅಲ್ಲಿಂದ ಸೆತ್ ಎಂಬ ಬಂದರಿನವರೆಗೆ ಗಾಳಿಯ ಗತಿ ಏನಾಯಿತೆಂದು ಆಗಲೇ ಹೇಳಿದ್ದೇನೆ.

ಸೆತ್‌ನ ಮರಳಿನಲ್ಲಿ ಸೈಕಲ್‌ಗಳನ್ನು ಮಲಗಿಸಿ, ಅವಳು ಶೂ ಬಿಚ್ಚಿ ನೀರಿಗೆ ಕಾಲಿಟ್ಟಳು. ಬಹಳ ಹೊತ್ತು ಅಲ್ಲೇ ನಿಂತಳು. ಬೆನ್ನು ಮಾತ್ರ ಅಲುಗುತ್ತಿತ್ತು. ಅವಳು ತಿರುಗಿದಾಗ ಕೇಳಿಯೇಬಿಟ್ಟೆ, ಮದುವೆಯಾಗುತ್ತೀರಾ ಎಂದು.

“ಈಗಲ್ಲ,” ಎಂದಳು. “ಊರಿಗೆ ಹೋದಮ್ಯಾಲೆ ಅವ್ವನ ಮುಂದ ಈ ಪ್ರವಾಸದ ಕಥಿ ನೀವ ಹೇಳ್ರಿ. ಕೇಳಿ ಉತ್ತರ ಕೊಡ್ತೀನಿ.”

“ಅಷ್ಟೇನಾ? ಕಥೆ ಹೇಳೋದು ನನಗೆ ನೀರು ಕುಡಿದ ಹಾಗೆ.”

“ಅದ ನನಗ ಅಂಜಿಕಿ.”

ನವೆಂಬರ್‌ನ ಒಂದು ಭಾನುವಾರ, ಕಾಪೆಲ್‌ನಲ್ಲಿ ನಮ್ಮ ಪಕ್ಕದ ಬೀದಿಯ ಲೀಲಾವತಿ ಆಂಟಿಯ ಮನೆಯಲ್ಲಿ ಮಧ್ಯಾಹ್ನದ ಊಟ. ಪೇರ್‌ಲ್ಯಾಂಡ್‌ನಿಂದ ಸುಪ್ರಜಾ, ಅವಳ ತಾಯಿ ಸೀತಾಬಾಯಿ ಬಂದಿದ್ದರು. ಫೋನಿನಲ್ಲಿದ್ದ ಫೋಟೋಗಳನ್ನು ಟೀವಿಗೆ ಹಾಕಿ ನಾನು ನಿಂತೇ ಕಥೆ ಹೇಳಿದೆ. ಗಾಳಿ ಸೀಳಿದ್ದು, ಬಾತುಕೋಳಿ ಎದ್ದದ್ದು, ಒಂದೂ ಬಿಡಲಿಲ್ಲ. ಸೀತಾಬಾಯಿ ಬಾಯಿ ತೆರೆದು ಕೇಳಿದರು. ಸುಪ್ರಜಾ ತಟ್ಟೆಯಲ್ಲಿದ್ದ ಹಪ್ಪಳವನ್ನು ಸಣ್ಣ ಸಣ್ಣ ಚೂರು ಮಾಡುತ್ತಿದ್ದಳು. ತಿನ್ನುತ್ತಿರಲಿಲ್ಲ.

ಲೀಲಾವತಿ ಆಂಟಿ ಕನ್ನಡಕ ಏರಿಸಿಕೊಂಡು ಟೀವಿಯ ಹತ್ತಿರ ಹೋದರು.

“ಅಲ್ಲಪ್ಪ ನಿಶ್ಚಲ್, ದಾರಿ ಉದ್ದಕ್ಕೂ ನೀನೇ ಮುಂದೆ ಇದ್ದೆ ಅಂದ್ಯಲ್ಲ.”

“ಹೌದು ಆಂಟಿ.”

“ಮತ್ತೆ ಎಲ್ಲಾ ಫೋಟೋದಲ್ಲೂ ಇವಳ ಬೆನ್ನೇ ಇದೆ? ಇಲ್ಲಿ ಬೆನ್ನು. ಇದರಲ್ಲೂ ಬೆನ್ನು. ಇದರಲ್ಲಿ ಬೆನ್ನಿಗೆ ಕೆಸರು ಬೇರೆ.”

“ಅದು, ಆಂಟಿ, ಇವರು ಕೆಲವು ಕಡೆ ಹಿಂದು ಮುಂದಾಗಿ ಕೂತು ಸೈಕಲ್ ಹೊಡೀತಿದ್ರು.”

ಎಲ್ಲರೂ ನಕ್ಕರು. ಸುಪ್ರಜಾ ನಗಲಿಲ್ಲ. ತಟ್ಟೆಯನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಕಾರಿನ ಬೀಗದ ಕೈಗಾಗಿ ಪರ್ಸಿನಲ್ಲಿ ಹುಡುಕತೊಡಗಿದಳು. ಸಿಟ್ಟಿಲ್ಲ, ದುಃಖವೂ ಕಾಣಲಿಲ್ಲ. ಹೊರಡಬೇಕಾದವರು ಹೊರಡುವ ರೀತಿ. ಅದನ್ನು ನಾನು ಒಮ್ಮೆ ನೋಡಿದ್ದೆ.

ಟೀವಿ ಆರಿಸಿದೆ.

“ಕಾರ್ಕಾಸೋನ್ ಸ್ಟೇಷನ್‌ನಲ್ಲಿ ಟಿಕೆಟ್ ಸಾಲಿನಲ್ಲಿ ನಿಂತವನು ನಾನು,” ಎಂದೆ. “ಸೈಕಲ್ಲಿನಿಂದ ಮೊದಲು ಇಳಿದದ್ದೂ ನಾನೇ. ಇವರು ಬಾಟಲಿಗೆ ನೀರು ತುಂಬಿಕೊಂಡು ಹೊರಟುಬಿಟ್ರು. ನಾನು ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಗಾಳಿಗೆ ಸೈಕಲ್ ಪಕ್ಕಕ್ಕೆ ಸರೀತಿತ್ತು, ಇವರು ಮತ್ತೆ ನೆಟ್ಟಗೆ ಮಾಡ್ಕೊಂಡು ಹೋಗ್ತಿದ್ರು. ಟ್ರೇನ್ ಹತ್ತಿದ್ರೆ ಸಮುದ್ರ ಸಿಗುತ್ತೆ, ಇವರು ಸಿಗಲ್ಲ ಅನ್ನಿಸ್ತು. ಸಾಲು ಬಿಟ್ಟು ಓಡಿಬಂದೆ. ಅಲ್ಲಿಂದ ಸೆತ್ ತನಕ ಇವರ ಹಿಂದಿನ ಗಾಲಿ ಬಿಟ್ಟು ಒಂದು ಗೇಣೂ ಮುಂದೆ ಹೋಗಿಲ್ಲ. ನನ್ನ ಸರದಿ ಬಂದಾಗೆಲ್ಲ ಶೂ ಲೇಸ್ ಬಿಚ್ಚಿಕೊಂಡಿದೆ ಅಂದೆ. ನನ್ನ ಶೂಗೆ ಲೇಸೇ ಇಲ್ಲ.”

ಸೀತಾಬಾಯಿ ಮಗಳ ಕಡೆ ತಿರುಗಿದರು. “ಏನವಾ, ಅಷ್ಟು ದೂರ ಇವನ್ನ ಎಳಕೊಂಡು ಬಂದಿ?”

“ಎಳದಿಲ್ಲವ್ವಾ.” ಸುಪ್ರಜಾಳ ಕೈ ಪರ್ಸಿನಲ್ಲೇ ನಿಂತಿತ್ತು. “ಸಾಲಿನಾಗ ನಿಂತದ್ದು ನನಗ ಕಂಡಿತ್ತು. ಹೋಗ್ತಾರ ಅಂತ ತಿಳಕೊಂಡೆ. ಸ್ವಲ್ಪ ದೂರ ಹೋದಮ್ಯಾಲೆ ಹಿಂದ ಉಸಿರು ಕೇಳಿತು. ಗುಡ್ಡ ಏರೋ ಎತ್ತಿನ ಉಸಿರು ಇರತದಲ್ಲ, ಹಂಗ. ಈಗ ನಿಲ್ಲತದ, ಆಗ ನಿಲ್ಲತದ ಅಂತ ಕಿವಿ ಕೊಟ್ಟಿದ್ದೆ. ನಿಲ್ಲಲಿಲ್ಲ. ಬೆಜಿಯೆ ಊರಿನ ಹತ್ರ ನಾನ ಇಳದುಬಿಡಾಕಿ ಇದ್ದೆ, ಖರೇನ ಹೇಳ್ತೀನಿ, ಕಾಲು ಸತ್ತು ಹೋಗಿದ್ವು. ಹಿಂದ ಆ ಉಸಿರು ಇತ್ತು. ಇಳೀಲಿಲ್ಲ.”

ಅದು ನನಗೆ ಗೊತ್ತಿರಲಿಲ್ಲ. ನಾನು ಬರೀ ಬೆನ್ನು ನೋಡುತ್ತಾ ಬಂದಿದ್ದೆ.

“ಸೆತ್‌ನಾಗ ಏನೋ ಕೇಳಿದ್ರಲ್ಲ,” ಎಂದಳು ನನ್ನ ಕಡೆ ನೋಡಿ. “ಅದನ್ನ ಈಗ ಕೇಳ್ರಿ. ಬಣ್ಣ ಹಚ್ಚಬ್ಯಾಡ್ರಿ.”

“ಮುಂದೆ ನಿಂತು ಗಾಳಿ ತಡೆಯೋದು ನನಗೆ ಬರಲ್ಲ, ಸುಪ್ರಜಾ. ಬಿಟ್ಟು ಹೋಗೋಕೂ ಆಗ್ಲಿಲ್ಲ. ಮದುವೆ ಆಗ್ತೀರಾ?”

“ಆಗ್ತೀನಿ. ಆದ್ರ ಲೇಸಿಲ್ಲದ ಶೂ ಇಟ್ಕೊಂಡು ಸರದಿ ತಪ್ಪಿಸಿದ್ದಕ್ಕ, ಮುಂದಿನ ಶನಿವಾರ ಆಸ್ಟಿನ್‌ನಾಗ ಪೂರ್ತಿ ನೀ ಮುಂದ.”

ಆ ಕ್ಷಣದಲ್ಲಿ ನಾನು ಧೀರನಂತೆ ನಗುತ್ತಾ ನಿಂತಿದ್ದೆ, ಅತ್ತವರು ಲೀಲಾವತಿ ಆಂಟಿ ಎಂದು ಇಲ್ಲಿ ಬರೆದಿದ್ದೆ. ಸುಪ್ರಜಾ ಪಕ್ಕದಲ್ಲಿ ಕುಳಿತು ಓದುತ್ತಿದ್ದಾಳೆ. ಆ ಸಾಲಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದಾಳೆ.

ಆಂಟಿ ಅಳಲಿಲ್ಲ. ಅವರು ನನಗೆ ಟಿಶ್ಯೂ ತರಲು ಅಡುಗೆಮನೆಗೆ ಹೋಗಿದ್ದರು.