ಪ್ಯಾನೆಲ್ ಬಾಗಿಲಿನ ನಾಮ

ಅಕ್ಟೋಬರ್ ಮೂರು, ಶುಕ್ರವಾರ. ಆಯುಧಪೂಜೆಗೆ ಠಾಣೆಯ ಜೀಪಿಗೆ ಕಟ್ಟಿದ್ದ ಬಾಳೆಕಂದು ಪೂರ್ತಿ ಬಾಡುವ ಮೊದಲೇ ಹಬ್ಬದ ಮೊದಲ ದೂರು ಬಂತು. ಫಿರ್ಯಾದಿಯ ಹೆಸರು ಕವನಾ. ಕಾರ್ಖಾನೆಗಳಲ್ಲಿ ಕರೆಂಟ್ ಎಲ್ಲಿ ಪೋಲಾಗುತ್ತಿದೆ ಎಂದು ಅಳೆದು ವರದಿ ಕೊಡುವ ಸಂಸ್ಥೆಯ ಎಂಜಿನಿಯರ್.

"ಏನು ಕಳುವಾಗಿದೆ?" ಇನ್ಸ್‌ಪೆಕ್ಟರ್ ಶಿವಕಿರಣ್ ಕೇಳಿದ.

"ಪವರ್ ಲಾಗರ್ ಸಾರ್. ಟಿಫನ್ ಬಾಕ್ಸಿನಷ್ಟು ದೊಡ್ಡದು. ಯಾವ ಮಿಷನ್ ಎಷ್ಟು ಕರೆಂಟ್ ತಿನ್ನತ್ತೆ ಅಂತ ವಾರಪೂರ್ತಿ ಬರ್ಕೊಳತ್ತೆ. ಲೆಕ್ಕ ಎಲ್ಲಾ ಅದರ ಹೊಟ್ಟೇಲೇ ಇದೆ."

"ನಮ್ಮ ಮೆಸ್ಸಿಗೂ ಒಂದು ಹಾಕ್ಸಿ ಮೇಡಂ, ಯಾರ್ ಎಷ್ಟು ತಿಂತಾರೆ ಅಂತ ಗೊತ್ತಾಗ್ಲಿ," ಎಂದ ಹೆಡ್ ಕಾನ್‌ಸ್ಟೆಬಲ್ ಕಿಟ್ಟಿ. ಠಾಣೆಗೆ ಬಂದವರು ಮೆಟ್ಟಿಲಿಳಿಯುವಷ್ಟರಲ್ಲಿ ಅವರ ದನಿ ಕಿಟ್ಟಿಯ ಗಂಟಲಲ್ಲಿ ಕೂತಿರುತ್ತಿತ್ತು. ಶಿವಕಿರಣ್ ಒಮ್ಮೆ ದಿಟ್ಟಿಸಿದ. ಕಿಟ್ಟಿ ಎಫ್‌ಐಆರ್ ಬರೆಯಲು ಕೂತ.

ಕಾರ್ಖಾನೆ ಇದ್ದದ್ದು ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ. ಪ್ಲಾಸ್ಟಿಕ್ ಬಕೆಟ್, ಮಗ್ಗು ಮಾಡುವ ಘಟಕ. ಮಾಲೀಕ ಉದಯಕುಮಾರ್ ಗೇಟಿನಲ್ಲೇ ಎದುರಾದ.

"ತನಿಖೆ ಏನೂ ಬೇಕಿಲ್ಲ ಸಾರ್. ಕಳ್ಳಿ ಇಲ್ಲೇ ಇದಾಳೆ. ಗುಡಿಸೋ ನರಸಮ್ಮ. ಪ್ಯಾನೆಲ್ ರೂಮಿನ ಬೀಗದಕೈ ಬುಧವಾರ ಪೂಜೆ ಆದ್ಮೇಲೆ ಅವಳ ಹತ್ರಾನೇ ಇತ್ತು. ಗುರುವಾರ ರಜೆ. ಇವತ್ತು ಬಾಗಿಲು ತೆಗೆದ್ರೆ ಬಾಕ್ಸ್ ಇಲ್ಲ."

ನರಸಮ್ಮ ಪೊರಕೆ ಹಿಡಿದೇ ನಿಂತಿದ್ದಳು. "ಬೀಗದಕೈ ಮೊಳೆಗೆ ನೇತಾಕ್ ಹೋದೆ ಸ್ವಾಮಿ. ದಿನಾ ಅಲ್ಲೇ ಹಾಕೋದು. ಇದೇ ರೋಡಲ್ಲಿ ಇನ್ನೂ ಎರಡು ಕಡೆ ಗುಡಿಸ್ತೀನಿ. ಕಳ್ಳಿ ಅಂದ್ರೆ ನಾಳೆಯಿಂದ ನನ್ನ ಯಾವ ಗೇಟೂ ಒಳಗೆ ಬಿಡಲ್ಲ."

ಫೋರ್‌ಮನ್ ಚಿಕ್ಕಹನುಮಯ್ಯ ಪ್ಯಾನೆಲ್ ರೂಮಿನ ಬಾಗಿಲು ತೆಗೆದುಕೊಟ್ಟ. ಐವತ್ತು ದಾಟಿದ ಬಡಕಲು ಮನುಷ್ಯ, ಜೇಬಿನಲ್ಲಿ ಟೆಸ್ಟರ್. ಇಬ್ಬರು ಪಂಚರ ಎದುರು ಮಹಜರು ಶುರುವಾಯಿತು. ಗೋಡೆಯುದ್ದಕ್ಕೂ ಆಳೆತ್ತರದ ಕಬ್ಬಿಣದ ಕರೆಂಟ್ ಪ್ಯಾನೆಲ್‌ಗಳು, ಪ್ರತಿ ಬಾಗಿಲಿಗೂ ಸೇವಂತಿಗೆ ಹಾರ, ಮೂರೆಳೆ ವಿಭೂತಿ. ಕೆಳಗೆ ಎಣ್ಣೆ ಆರಿದ ದೀಪ, ಪೂಜೆಯ ತಟ್ಟೆ.

ಲಾಗರ್ ಇದ್ದ ಬಾಗಿಲ ಮುಂದೆ ಕಿಟ್ಟಿ ತಡೆದು ನಿಂತ.

"ಸಾರ್, ಶಿವನ ಸಾಲಲ್ಲಿ ತಿಮ್ಮಪ್ಪ ಯಾಕ್ ಕ್ಯೂ ನಿಂತವ್ನೆ?"

ಆ ಒಂದು ಬಾಗಿಲ ಮೇಲೆ ಅಡ್ಡ ವಿಭೂತಿಯಿರಲಿಲ್ಲ. ಎರಡು ಬಿಳಿ ಗೆರೆ ನೆಟ್ಟಗೆ, ನಡುವೆ ಒಂದು ಕೆಂಪು. ಎಡಗಡೆಯ ಗೆರೆ ಕೊಂಚ ಗಿಡ್ಡ. ಸುತ್ತ ಹಳೆಯ ವಿಭೂತಿ ಒರೆಸಿಹೋದ ಮಬ್ಬು.

"ಬುಧವಾರ ಇವಕ್ಕೆ ವಿಭೂತಿ ಇಟ್ಟಿದ್ದು ಯಾರು?"

"ನಾನೇ. ಎಲ್ಲದಕ್ಕೂ ಮೂರೆಳೆ," ಎಂದ ಉದಯಕುಮಾರ್. ಆಮೇಲೆ ಕಣ್ಣರಳಿಸಿ, "ನೋಡಿದ್ರಾ? ನರಸಮ್ಮನ ಮನೆದೇವ್ರು ನರಸಿಂಹಸ್ವಾಮಿ. ಪ್ಯಾನೆಲ್ಲಿಗೂ ನಾಮ, ನನಗೂ ನಾಮ!"

ಚಿಕ್ಕಹನುಮಯ್ಯ ನೆಲ ನೋಡುತ್ತ ನಿಂತಿದ್ದ. ಶಿವಕಿರಣ್ ನಾಮದ ಫೋಟೋ ತೆಗೆದುಕೊಂಡ. ಬಾಗಿಲು ತೆರೆಯುವಾಗ ತೋಳು ತಗುಲಿ ವಿಭೂತಿ ಅಳಿಸಿದೆ. ಕದಿಯಲು ಬಂದವನಿಗೆ ಪೂಜೆಯಾದ ಬಾಗಿಲನ್ನು ಬೋಳಾಗಿ ಬಿಟ್ಟುಹೋಗಲು ಮನಸ್ಸು ಬಂದಿಲ್ಲ. ತಟ್ಟೆಯಲ್ಲಿದ್ದ ವಿಭೂತಿ, ಕುಂಕುಮ ತೆಗೆದುಕೊಂಡಿದ್ದಾನೆ. ಮನೆಯಲ್ಲಿ ಎಳೆದು ರೂಢಿಯಾದದ್ದನ್ನು ಕೈ ತಾನಾಗಿ ಎಳೆದಿದೆ.

ನರಸಮ್ಮ ಅಂದು ಸಂಜೆಯವರೆಗೆ ಠಾಣೆಯ ಬೆಂಚಿನ ಮೇಲೆ ಕೂತಳು.

"ನಾಮ ನೀನೇ ಎಳೆದ್ಯಾ?"

"ನಾಮ ಎಳೆಯೋದು ಗಂಡಸ್ರು ಸ್ವಾಮಿ. ನಮ್ ಕಡೆ ಹೆಂಗಸ್ರು ಅರಿಶಿನ ಕುಂಕುಮದ ಬೊಟ್ಟಿಡ್ತೀವಿ, ಅಷ್ಟೇ. ನಮ್ಮನೇಲಿ ಹೊಸ್ಲಿಗೂ ನಾಮ ನನ್ನ ಮೈದುನಾನೇ ಎಳೀಬೇಕು."

ಶಿವಕಿರಣ್ ಕವನಾಗೆ ಫೋನ್ ಮಾಡಿದ. "ಆ ಬಾಕ್ಸನ್ನ ಯಾರು ಬೇಕಾದ್ರೂ ಬಿಚ್ಚಬಹುದಾ ಮೇಡಂ?"

"ಕರೆಂಟ್ ಹರಿಯೋ ತಾಮ್ರದ ಪಟ್ಟಿಗೇ ಕ್ಲಿಪ್ ಹಾಕಿರ್ತೀವಿ ಸಾರ್. ಗೊತ್ತಿಲ್ದೋರು ಕೈ ಹಾಕಿದ್ರೆ ನೀವು ಕಳ್ಳತನದ ಬದ್ಲು ಅಸಹಜ ಸಾವು ಅಂತ ಕೇಸ್ ಬರ್ಕೋಬೇಕಿತ್ತು. ತೆಗೆದೋರು ನೀಟಾಗಿ ತೆಗೆದಿದಾರೆ. ಒಳಗಿನ ಮುಚ್ಚಳದ ಸ್ಕ್ರೂ ಕೂಡ ವಾಪಸ್ ಬಿಗಿದಿದಾರೆ."

ರಜೆಯ ದಿನ ಗೇಟಿನಲ್ಲಿದ್ದ ವಾಚ್‌ಮನ್ ಮುರುಗೇಶ್ ಊರಿಗೆ ಹೋಗಿದ್ದವನು ಶನಿವಾರ ಮಧ್ಯಾಹ್ನ ಸಿಕ್ಕಿದ.

"ಗುರುವಾರ ಒಳಗೆ ಯಾರು ಬಂದ್ರು?"

"ಯಾರೂ ಬರ್ಲಿಲ್ಲ ಸಾರ್."

"ಕರೆಂಟ್ ಹೋಗಿತ್ತಾ?"

"ಸ್ವಲ್ಪ ಹೊತ್ತು. ಫ್ಯಾನ್ ನಿಂತೋಯ್ತು. ಎದುರುಗಡೆ ಬೇಕರೀಲಿ ಇತ್ತು, ನಮಗೆ ಮಾತ್ರ ಇರ್ಲಿಲ್ಲ."

ಅಂದರೆ ಯಾರೋ ಒಳಗಿನಿಂದಲೇ ಮೇನ್ ಆಫ್ ಮಾಡಿದ್ದರು. ಶಿವಕಿರಣ್ ಪ್ರಶ್ನೆ ಬದಲಾಯಿಸಿದ. "ಪೂಜೆ ದೀಪಕ್ಕೆ ಎಣ್ಣೆ ಹಾಕೋದು ಯಾರು?"

"ಅದು ಫೋರ್‌ಮನ್ ಸಾರು. ಪ್ರತಿ ವರ್ಷ ರಜೆ ದಿನಾನೂ ಬಂದು ಹಾಕ್ತಾರೆ. ಮೊನ್ನೇನೂ ಬಂದಿದ್ರು."

"ಈಗ ಯಾರೂ ಬರ್ಲಿಲ್ಲ ಅಂದ್ಯಲ್ಲೋ!"

"ನೀವು ಕಳ್ಳರ ಬಗ್ಗೆ ಕೇಳ್ತಿದೀರಿ ಅಂದ್ಕೊಂಡೆ ಸಾರ್."

ಜೀಪಿನಲ್ಲಿ ಕಿಟ್ಟಿ ಆ ಕೊನೆಯ ಮಾತನ್ನು ಮುರುಗೇಶನ ದನಿಯಲ್ಲೇ ಎರಡು ಸಲ ಅಂದ. ಶಿವಕಿರಣ್‌ಗೆ ನಗು ಬಂತು. ಲಗ್ಗೆರೆಯ ಓಣಿ ಬಂದಾಗ ನಿಂತುಹೋಯಿತು.

ಚಿಕ್ಕಹನುಮಯ್ಯನ ಮನೆಯ ಹೊಸ್ತಿಲ ಮೇಲೆ ನಾಮವಿತ್ತು. ಶಿವಕಿರಣ್ ಫೋನ್ ತೆಗೆದು ಪಕ್ಕಕ್ಕೆ ಹಿಡಿದ. ಎಡಗಡೆಯ ಗೆರೆ ಕೊಂಚ ಗಿಡ್ಡ.

"ಹನುಮಯ್ಯನೋರೆ, ನರಸಮ್ಮ ನೆನ್ನೆ ಸಂಜೆವರೆಗೂ ನಮ್ಮ ಸ್ಟೇಷನ್ನಲ್ಲಿ ಕೂತಿದ್ಲು, ಇವತ್ತೂ ಬಂದು ಕೂತಿದಾಳೆ. ನಿಮ್ಮ ಓನರ್ ಅವಳನ್ನೇ ಅರೆಸ್ಟ್ ಮಾಡಿ ಅಂತಿದಾರೆ. ಮಾಡ್ಲಾ?"

ಚಿಕ್ಕಹನುಮಯ್ಯ ಒಳಗೆ ಹೋಗಿ ಮಂಚದ ಕೆಳಗಿಂದ ಹಳೇ ಪಂಚೆಯಲ್ಲಿ ಸುತ್ತಿದ ಗಂಟು ತಂದು ನೆಲದ ಮೇಲಿಟ್ಟ. ವೈರುಗಳನ್ನು ಅಂದವಾಗಿ ಸುರುಳಿ ಸುತ್ತಿಟ್ಟಿದ್ದ. "ಆಯಮ್ಮನ್ನ ಬಿಟ್ಬಿಡಿ ಸಾರ್."

"ಮಾರೋಕಾ?"

"ಥೂ, ಬಿಡ್ತು ಅನ್ನಿ."

"ಮತ್ತೆ?"

"ಕಂಪ್ರೆಸರ್ ಮೋಟಾರು ಸಾರ್. ಲಾಕ್‌ಡೌನಲ್ಲಿ ಸುಟ್ಟೋಯ್ತು. ವೈಂಡಿಂಗ್ ಅಂಗಡಿ ಎಲ್ಲಾ ಬಂದ್. ಸರಿಯಾದ ಗೇಜಿನ ತಂತಿ ಎಲ್ಲೂ ಸಿಗ್ಲಿಲ್ಲ. ಸಿಕ್ಕಿದ ತೆಳು ತಂತೀಲಿ ಇದೇ ಪಡಸಾಲೇಲಿ ಕೂತು ಸುತ್ತಿದೆ. ನನ್ನ ಹೆಂಡ್ತಿ ಹಿಡ್ಕೊಂಡು ಕೂತಿದ್ಲು. ಓಡ್ತು. ಅವತ್ತಿಂದ ಬಂದೋರಿಗೆಲ್ಲ ಓನರ್ ಇದು ಹನುಮಯ್ಯನ ಮೋಟಾರು ಅಂತ ತೋರಿಸ್ತಾರೆ. ಆಯುಧಪೂಜೇಲಿ ಮೊದಲ ಕಾಯಿ ಅದಕ್ಕೇ. ಈ ಮೇಡಂ ಬಂದು, ನಿಮ್ಮ ಬಿಲ್ ತಿಂತಿರೋದು ಇದೇ ಇರ್ಬೇಕು, ಲಾಗರ್ ಹೇಳತ್ತೆ ನೋಡಿ ಅಂದ್ರು. ಎಲ್ರ ಮುಂದೆ ಅಂದ್ರು ಸಾರ್."

ಪಂಚರನ್ನು ಕರೆಸಿ ವಸ್ತುವನ್ನು ಜಪ್ತಿ ಮಾಡಿಕೊಳ್ಳಲಾಯಿತು. ಗುರುತಿಸಲು ಬಂದ ಕವನಾ ಲಾಗರ್ ಆನ್ ಮಾಡಿ ನಾಲ್ಕಾರು ಗುಂಡಿ ಒತ್ತಿದಳು. ಪರದೆ ನೋಡುತ್ತಿದ್ದವಳ ಹುಬ್ಬು ಮೇಲೇರಿ, ಮೆಲ್ಲಗೆ ಇಳಿಯಿತು.

"ನಮ್ಮದೇ. ಸರಿಯಾಗಿದೆ," ಎಂದಳು.

"ಎಷ್ಟು ಬಂದಿದೆಯಮ್ಮ?" ಚಿಕ್ಕಹನುಮಯ್ಯ ಕೇಳಿದ.

ಕವನಾ ಸ್ವಿಚ್ ಆರಿಸಿದಳು. "ಇನ್ನೂ ನೋಡಿಲ್ಲ ಅಣ್ಣ."

ಶಿವಕಿರಣ್ ಪಂಚನಾಮೆಯಲ್ಲಿ 'ಉಪಕರಣ ಸುಸ್ಥಿತಿಯಲ್ಲಿದೆ' ಎಂದಷ್ಟೇ ಬರೆಸಿದ.

ಶನಿವಾರ ಸಂಜೆ ಚಿಕ್ಕಹನುಮಯ್ಯನ ದಸ್ತಗಿರಿಯಾಯಿತು. ಠಾಣೆಯ ಮೆಟ್ಟಿಲ ಬಳಿ ನರಸಮ್ಮ ಮನೆಗೆ ಹೊರಟು ನಿಂತಿದ್ದಳು. ಪಕ್ಕದಲ್ಲಿ ಉದಯಕುಮಾರ್, ಏನೋ ಹೇಳಬೇಕೆಂದು ತಡವರಿಸುತ್ತ. ಅವಳು ಅವನತ್ತ ನೋಡಲೂ ಇಲ್ಲ. ಜೀಪಿನಿಂದ ಇಳಿದವನನ್ನು ನೋಡಿದಳು.

"ನೀವಾ ಅಣ್ಣಾ?"

"ನಿನ್ನ ತಲೆಗೆ ಬರುತ್ತೆ ಅಂತ ಗೊತ್ತಿರ್ಲಿಲ್ಲ ಕಣಮ್ಮ."

"ಬಂದಾಗ ಪಕ್ಕದಲ್ಲೇ ನಿಂತಿದ್ರಲ್ಲ."

ನರಸಮ್ಮ ಸೆರಗು ಸಿಕ್ಕಿಸಿಕೊಂಡು ಬಸ್‌ಸ್ಟಾಪಿನ ಕಡೆ ನಡೆದಳು.

ಒಳಗೆ ಕಿಟ್ಟಿ ಕೇಸ್ ಡೈರಿ ತೆರೆದು ಕೂತಿದ್ದ. "ಕೃತ್ಯದ ಉದ್ದೇಶ ಏನಂತ ಬರೀಲಿ ಸಾರ್?"

ಶಿವಕಿರಣ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಬರ್ಕೋ. ಆಪಾದಿತನು ತಾನು ಮಾಡಿದ ಕೆಲಸವನ್ನು ಇನ್ನೊಬ್ಬರು ಅಳೆಯುವುದಕ್ಕೆ ಹೆದರಿ."

ಕಿಟ್ಟಿ ತಮಾಷೆ ಮಾಡದೆ ಬರೆದುಕೊಂಡ.