ಪೂಜೆಗೆ ಕೂರದ ಸೋಮವಾರಗಳು

ಮೂರು ಸೋಮವಾರಗಳಿಂದ ರಾಜಶೇಖರ ಪೂಜೆಗೆ ಕೂತಿರಲಿಲ್ಲ. ಇನ್ನೊಬ್ಬ ಹೆಣ್ಣಿರಬೇಕು ಎಂದುಕೊಂಡಳು ಆರತಿ.

ಅವನು ಗುಪ್ತಚರ ಇಲಾಖೆಯ ಅಧಿಕಾರಿ, ಹುಬ್ಬಳ್ಳಿಯ ಅವಳ ಮನೆಯ ಮಹಡಿಯ ಬಾಡಿಗೆದಾರ, ಮುಂದಿನ ತಿಂಗಳು ಅವಳ ಗಂಡನಾಗುವವನು. ಬೆಳಗ್ಗೆ ಕೆಳಗಿಳಿದು, ಅವಳ ತಂದೆ ನೀಲಕಂಠಪ್ಪನವರ ಪಕ್ಕ ಕೂತು, ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ವಚನ ಹೇಳುತ್ತಿದ್ದ. ಅವಳು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಕಣ್ಣು ತೆರೆದಾಗ ಅವನ ನೋಟ ಮೊದಲು ಲಿಂಗಕ್ಕೆ, ಆಮೇಲೆ ಅವಳಿಗೆ. ಅಷ್ಟಕ್ಕೇ ಅವಳ ದಿನ ತುಂಬುತ್ತಿತ್ತು.

ನಾಲ್ಕನೆಯ ಸೋಮವಾರ ಸ್ಕೂಟಿ ಹತ್ತಿ ಅವನ ಹಿಂದೆ ಹೋದಳು.

ಗಬ್ಬೂರ ಬೈಪಾಸಿನ ಚಹಾದಂಗಡಿ. ಕಾರಿನಿಂದಿಳಿದವನೊಬ್ಬ ರಾಜಶೇಖರನ ಕೈಯಿಂದ ಮಡಿಚಿದ ಪೇಪರು ಇಸಿದುಕೊಂಡು ಹೊರಟುಹೋದ. ಹೆಣ್ಣಲ್ಲವೆಂದು ಅವಳಿಗೆ ನಗು ಬಂತು. ಆಗ ಕಂಡಿತು ಚಹಾದ ಲೋಟ. ಪೂಜೆಯಾಗದೆ ನೀರೂ ಮುಟ್ಟದವನು ಅರ್ಧ ಕುಡಿದಿದ್ದ.

ಎದುರಿಗೆ ಹೋಗಿ ಕೂತಳು.

"ಭಾಳ ಚಂದ ಅದಾಳೇನೋ ಅಂತ ನೋಡಾಕ ಬಂದೇನಿ. ನೋಡಿದ್ರ ಮೀಸಿ ಅದಾವ."

ಅವನು ನಗಲಿಲ್ಲ.

"ಪೂಜಿ ಯಾಕ ಬಿಟ್ರಿ?"

"ಲಿಂಗ ಹಿಡದ ಕೈಲೇ ಇದನ್ನ ಕೊಡಾಕ ಆಗವಲ್ದು, ಆರತಿ."

ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ. ಎರಡು ವರ್ಷದಿಂದ ಸೋಮವಾರಗಳಂದು ಇಲಾಖೆಯ ರಹಸ್ಯಗಳನ್ನು ಪರದೇಶಕ್ಕೆ ಮಾರುತ್ತಿದ್ದ. ಮೊದಲು ಪೂಜೆ ಮುಗಿಸಿಯೇ ಬರುತ್ತಿದ್ದ, ಏನೂ ಅನ್ನಿಸುತ್ತಿರಲಿಲ್ಲ. ಅವಳು ಬಾಗಿಲಲ್ಲಿ ನಿಂತು ಕೇಳುತ್ತಾಳೆಂದು ತಿಳಿದ ಮೇಲೆ ಆಗದಾಯಿತು. ಇವತ್ತಿನ ಪೇಪರಿನೊಳಗೆ, ಗಡಿಯಾಚೆ ನಮಗಾಗಿ ಗುಟ್ಟಾಗಿ ದುಡಿಯುವ ಹನ್ನೊಂದು ಜನರ ಹೆಸರುಗಳಿದ್ದವು. ಸಿಕ್ಕರೆ ಅವರು ಉಳಿಯುವುದಿಲ್ಲ. ಎಲ್ಲಾದರೂ ದೂರ ಹೋಗೋಣವೆಂದು ಬೇಡಿದ.

ಆರತಿಗೆ ಒಂದು ಗಳಿಗೆ ಹೋಗಿಬಿಡಬೇಕೆನಿಸಿತು. ಅವನ ಕೆನ್ನೆಯ ಮೇಲೆ ಬಿಸಿಲಿತ್ತು. ಇಷ್ಟು ಹತ್ತಿರದಿಂದ ಅವನನ್ನು ಎಂದೂ ನೋಡಿರಲಿಲ್ಲ.

"ಅವರ ಮನ್ಯಾಗೂ ದಾರಿ ನೋಡೂವರು ಇರ್ತಾರಲ್ರಿ," ಎಂದಳು. "ಲಗೂ ಫೋನ್ ಮಾಡ್ರಿ."

ಮೇಲಧಿಕಾರಿಗೆ ಅವನೇ ಫೋನು ಮಾಡಿದ. ತಾನು ಮಾಡಿದ್ದನ್ನು ಹೇಳಿದ, ಅವರನ್ನು ಎಚ್ಚರಿಸಲೆಂದು ಹನ್ನೊಂದು ಹೆಸರುಗಳನ್ನೂ ಹೇಳಿದ. ಜೀಪು ಬರಲು ಇಪ್ಪತ್ತು ನಿಮಿಷ ಬೇಕಿತ್ತು. ಮದುವೆಯಾದ ಮೇಲೆ ಹಿಡಿಯಬೇಕಾದ ಕೈಯನ್ನು ಅವಳು ಹಗಲಿನಲ್ಲೇ, ಎಲ್ಲರೆದುರು ಹಿಡಿದಳು. ಅಷ್ಟೂ ನಿಮಿಷ ಬಿಡಲಿಲ್ಲ.

ಜೀಪು ನಿಂತಿತು. ಅವನು ಎದ್ದ.

"ನನ್ನ ದಾರಿ ಕಾಯ್ತಿಯೇನು?"

"ಆ ಮಂದಿ ಉಳದ್ರ ಕಾಯ್ತೇನಿ."

"ಉಳೀಲಿಲ್ಲಂದ್ರ?"

ಅವಳು ಕೈ ಬಿಟ್ಟಳು.

"ಆಗೂ ಕಾಯ್ತೇನ್ರಿ. ಮಾತಾಡಂಗಿಲ್ಲ, ಅಷ್ಟ."